ಆರು ಗಂಟೆಯ ನೀರು

ಬಾಗಿಲಲ್ಲಿ ನಿಂತ ಹುಡುಗಿ ಬೆವರಿ ತೊಯ್ದುಹೋಗಿದ್ದಳು. ಹೆಗಲಿಗೊಂದು ಚೀಲ, ಬಗಲಲ್ಲಿ ಮೊಳದುದ್ದದ ಕಾಗದದ ಸುರುಳಿ. ಮೂರು ಮಹಡಿ ಹತ್ತಿ ಬಂದ ಏದುಸಿರಿನಲ್ಲೇ, "ಬಕೆಟ್ ಮೇಷ್ಟ್ರ ಮನೆ ಇದೇನಾ?" ಎಂದು ಕೇಳಿದವಳು, ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಡ್ಡಹೆಸರು ಹಿಡಿದು ಕೇಳಬಾರದಿತ್ತು ಎಂದು ಆಮೇಲೆ ಹೊಳೆದಿರಬೇಕು.

ಬಲೆಯಮ್ಮನಿಗೆ ನಗು ಬಂತು. ತನ್ನದೂ ಅಡ್ಡಹೆಸರೇ. ಇಪ್ಪತ್ತು ವರ್ಷ ಬಂದರಿನ ಬಲೆ ಹೆಣೆಯುವ ಶೆಡ್ಡಿನಲ್ಲಿ ಕೂತು ಕೂತು ಅಂಟಿಕೊಂಡದ್ದು. "ಇದೇ ಮನೆ ತಾಯಿ. ಆದ್ರೆ ಮೇಷ್ಟ್ರು ಇಲ್ಲ. ಹೋಗಿ ಆರು ವರ್ಷ ಆಯ್ತು."

"ಗೊತ್ತಮ್ಮ. ನಾನು ನಿಮ್ಮನ್ನೇ ನೋಡೋಕೆ ಬಂದಿದ್ದು."

ಒಳಗೆ ಕಿರಿಮಗಳು ಬಸ್ಸಿನ ಡ್ಯೂಟಿ ಮುಗಿಸಿ ಬಂದು, ಖಾಕಿ ಅಂಗಿಯಲ್ಲೇ ಬಿಸಿನೀರಿನ ಬೋಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಕಂಡಕ್ಟರ್ ಕೆಲಸದಲ್ಲಿ ಇಪ್ಪತ್ತೈದು ವರ್ಷ ಸವೆಸಿದ ಕಾಲು ಅದು. ಬಂದವಳು ಸಮುದ್ರ ಅಧ್ಯಯನ ಕೇಂದ್ರದ ಸಂಶೋಧಕಿ, ಅಪ್ಪನ ಹಳೆಯ ರಿಜಿಸ್ಟರುಗಳ ಮೇಲೆ ಕೆಲಸ ಮಾಡುತ್ತಿದ್ದಾಳೆ ಎಂದು ತಿಳಿದದ್ದೇ ತಡ, ಮಗಳ ಬಾಯಿ ಬಿಚ್ಚಿಕೊಂಡಿತು.

"ನೋಡಿ ಮೇಡಂ, ಆಫೀಸಲ್ಲಿ ಎಲ್ಲರೂ ಸಾಹೇಬರಿಗೆ ಬಕೆಟ್ ಹಿಡಿದು ಮೇಲೆ ಹೋದ್ರು. ನಮ್ಮಪ್ಪ ಮೂವತ್ತೆಂಟು ವರ್ಷ ಸಮುದ್ರಕ್ಕೆ ಬಕೆಟ್ ಹಿಡಿದ್ರು. ಸಮುದ್ರ ಯಾರಿಗೆ ಪ್ರಮೋಷನ್ ಕೊಟ್ಟಿದೆ? ಅದಕ್ಕೇ ನಾವಿನ್ನೂ ಲಿಫ್ಟ್ ಇಲ್ಲದ ಮೂರನೇ ಮಹಡೀಲಿ ಇದೀವಿ."

"ಕಾಲು ಒರೆಸ್ಕೊಂಡು ಕುರ್ಚಿ ಕೊಡೇ ಮೊದಲು," ಎಂದಳು ಬಲೆಯಮ್ಮ.

ಮಾತು ನಗೆಚಾಟಿಕೆಯದಾದರೂ ಸುಳ್ಳಲ್ಲ. ಬಂದರಿನ ಹವಾಮಾನ ಕಚೇರಿಯಲ್ಲಿ ಅವಳ ಗಂಡನದು ಎಲ್ಲಕ್ಕಿಂತ ಕೆಳಗಿನ ಕೆಲಸ. ದಿನಾ ಬೆಳಿಗ್ಗೆ ಆರಕ್ಕೆ ಕಡಲೊಳಕ್ಕೆ ಚಾಚಿದ ಜೆಟ್ಟಿಯ ತುದಿಗೆ ಹೋಗಬೇಕು. ಹಗ್ಗ ಕಟ್ಟಿದ ಕ್ಯಾನ್ವಾಸ್ ಬಕೆಟ್ಟನ್ನು ಕಡಲಿಗೆ ಇಳಿಬಿಟ್ಟು ನೀರು ಸೇದಬೇಕು. ಸೇದಿದ ನೀರಿನಲ್ಲಿ ಥರ್ಮಾಮೀಟರು ಅದ್ದಿ ಡಿಗ್ರಿ ಓದಬೇಕು. ಗಾಳಿ ಯಾವ ದಿಕ್ಕಿನಿಂದ, ಎಷ್ಟು ಜೋರು ಎಂಬುದನ್ನೂ ಸೇರಿಸಿ ರಿಜಿಸ್ಟರಿಗೆ ಏರಿಸಬೇಕು. ಹಬ್ಬವಿಲ್ಲ, ಭಾನುವಾರವಿಲ್ಲ. ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ನಡೆಯುತ್ತಿದ್ದ ಠೀವಿ ನೋಡಿ ಬಂದರಿನ ಮಕ್ಕಳೇ ಅವರನ್ನು ಮೇಷ್ಟ್ರು ಮಾಡಿದ್ದವು.

ಸಂಶೋಧಕಿ ಸುರುಳಿಯನ್ನು ನೆಲದ ಮೇಲೆ ಬಿಚ್ಚಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟಳು. ಕಾಗದದ ತುಂಬ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು.

"ಒಂದೊಂದು ಚುಕ್ಕೆ ಮೇಷ್ಟ್ರ ಒಂದೊಂದು ಬೆಳಿಗ್ಗೆ ಅಮ್ಮ. ಈಗ ಕಡಲ ಬಿಸಿ ಅಳೆಯೋಕೆ ತೇಲುವ ಯಂತ್ರಗಳಿವೆ, ಮೇಲಿಂದ ಉಪಗ್ರಹಗಳಿವೆ. ಐವತ್ತು ವರ್ಷದ ಹಿಂದೆ ಏನಿತ್ತು? ಬಕೆಟ್ ಒಂದೇ. ಆವತ್ತು ಕಡಲು ಎಷ್ಟು ಬೆಚ್ಚಗಿತ್ತು ಅಂತ ಸರಿಯಾಗಿ ಗೊತ್ತಾದ್ರೆ ತಾನೇ ಇವತ್ತು ಎಷ್ಟು ಏರಿದೆ ಅಂತ ಹೇಳೋಕಾಗೋದು? ಕಡಲು ಬಿಸಿಯಾದ್ರೆ ಗಾಳಿ ದಾರಿ ಬದಲಿಸುತ್ತೆ. ಗಾಳಿ ದಾರಿ ಬದಲಿಸಿದ್ರೆ ಒಂದು ಕಡೆ ಮಳೆ ತಪ್ಪುತ್ತೆ, ಇನ್ನೊಂದು ಕಡೆ ಊರೇ ಮುಳುಗುತ್ತೆ. ಈ ಕರಾವಳೀಲಿ ಅಷ್ಟು ಹಳೇ ಲೆಕ್ಕ ಇರೋದು ಇದೊಂದೇ."

ಬಲೆಯಮ್ಮನ ಎದೆ ಹಿಗ್ಗಿತು. ಗಂಡ ಹೋದ ಮೇಲೆ ಅವರ ಕೆಲಸದ ಸುದ್ದಿ ಎತ್ತಿದವರು ಇವಳೊಬ್ಬಳೇ.

ಹುಡುಗಿಯ ಬೆರಳು ಚುಕ್ಕೆಗಳ ಸಾಲಿನ ಮೇಲೆ ಸರಿಯುತ್ತ ಹೋಗಿ ಒಂದೆಡೆ ನಿಂತಿತು. "ಇಲ್ಲಿ ನೋಡಿ. ಆರನೇ ವರ್ಷ. ಇದ್ದಕ್ಕಿದ್ದ ಹಾಗೆ ಸಾಲು ಕೆಳಗಿಳಿಯುತ್ತೆ. ಹನ್ನೊಂದು ವರ್ಷ ಕೆಳಗೇ ಇದ್ದು ಮತ್ತೆ ಸರಿಯಾಗುತ್ತೆ. ಹನ್ನೊಂದು ವರ್ಷ ಕಡಲು ತಣ್ಣಗಾಗಿ ಒಂದೇ ವಾರದಲ್ಲಿ ಬೆಚ್ಚಗಾಗಲ್ಲ. ಇನ್ನೊಂದು ವಿಚಿತ್ರ ಏನಂದ್ರೆ, ಗಾಳಿ ಇಲ್ಲದ ದಿನ ಅಂಕಿ ಸರಿಯಾಗೇ ಇದೆ. ಗಾಳಿ ಜೋರಾದ ದಿನ ಮಾತ್ರ ಇಳಿದಿದೆ."

ಕಿರಿಮಗಳಿಗೆ ಅರ್ಥವಾಗಲಿಲ್ಲ. ಬಲೆಯಮ್ಮನಿಗೆ ಆಯಿತು. ಜ್ವರ ಬಂದ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಬೀಸಣಿಗೆ ಬೀಸಿದವರಿಗೆ ಅದನ್ನು ಯಾರೂ ಕಲಿಸಬೇಕಾಗಿಲ್ಲ. ಕ್ಯಾನ್ವಾಸ್ ಎಂದರೆ ಬಟ್ಟೆ. ಒದ್ದೆ ಬಟ್ಟೆಗೆ ಗಾಳಿ ತಾಗಿದರೆ ಒಳಗಿನ ನೀರು ತಣಿಯುತ್ತದೆ.

"ನೀರು ಸೇದಿದ ಒಂದು ನಿಮಿಷದೊಳಗೆ ಓದಬೇಕು ಅನ್ನೋದು ನಿಯಮ," ಎಂದಳು ಹುಡುಗಿ. "ಮೇಷ್ಟ್ರು ಆ ಹನ್ನೊಂದು ವರ್ಷ ನೀರು ಸೇದಿಟ್ಟು ತಡಮಾಡಿ ಓದಿದಾರೆ. ಎಷ್ಟು ಹೊತ್ತು, ಯಾಕೆ, ಅದು ಗೊತ್ತಿಲ್ಲ. ಸೋಮವಾರ ಸಮಿತಿ ಕೂರುತ್ತೆ. ಕಾರಣ ಗೊತ್ತಿಲ್ಲದ ತಪ್ಪು ಇದ್ರೆ ಇಡೀ ಮೂವತ್ತೆಂಟು ವರ್ಷದ ಲೆಕ್ಕವನ್ನೇ ಕೈಬಿಡ್ತಾರೆ. ಕಣ್ಣಾರೆ ಕಂಡವರು ಯಾರಾದ್ರೂ ಇಷ್ಟು ಹೊತ್ತು ಅಂತ ಹೇಳಿದ್ರೆ ತಿದ್ದಿ ಉಳಿಸ್ಕೋಬಹುದು. ನಿಮಗೇನಾದ್ರೂ..."

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಾರಾ ನಿಮ್ಮ ಸಮಿತಿಯೋರು?" ಕಿರಿಮಗಳು ಬೋಗುಣಿಯಿಂದ ಕಾಲೆತ್ತಿದಳು. "ನಮ್ಮಪ್ಪ ಜ್ವರ ಬಂದ್ರೂ ಕಂಬಳಿ ಹೊದ್ಕೊಂಡು ಜೆಟ್ಟಿಗೆ ಹೋದ ಮನುಷ್ಯ. ನಿಯಮ ಮುರಿಯೋರಲ್ಲ. ಸತ್ತೋರ ತಲೆ ಮೇಲೆ ಗೂಬೆ ಕೂರಿಸ್ಬೇಡಿ."

"ತಪ್ಪು ಅಂತಲ್ಲ ಅಕ್ಕಾ..."

"ನನಗೇನು ಗೊತ್ತು ಮಗು," ಎಂದಳು ಬಲೆಯಮ್ಮ. "ಅಡುಗೆಮನೇಲಿರೋಳು ನಾನು."

ಹುಡುಗಿ ಚೀಟಿಯ ಮೇಲೆ ಫೋನ್ ನಂಬರು ಬರೆದು ಲೋಟದ ಕೆಳಗಿಟ್ಟು, ಸುರುಳಿ ಸುತ್ತಿಕೊಂಡು ಇಳಿದುಹೋದಳು.

ಬಲೆಯಮ್ಮ ಹೇಳಿದ್ದು ಹಸೀ ಸುಳ್ಳು. ಸಾಲು ಕೆಳಗಿಳಿದ ವಾರ ಯಾವುದು ಎಂದು ತಿಳಿಯಲು ಆಕೆಗೆ ಕಾಗದ ನೋಡುವ ಅಗತ್ಯವೂ ಇರಲಿಲ್ಲ. ಅದು ಗುಬ್ಬಿ ಹೋದ ಮರುವಾರ.

ಗುಬ್ಬಿ ಎಂದರೆ ಹಿರಿಮಗಳು. ಏಳು ವರ್ಷದವಳು. ಆಗ ಸಂಸಾರ ಇದ್ದದ್ದು ಜೆಟ್ಟಿಯ ಬುಡದಲ್ಲಿದ್ದ ಕಚೇರಿಯ ಎರಡು ಕೋಣೆಗಳ ಮನೆಯಲ್ಲಿ. ಅಪ್ಪ ಬಕೆಟ್ ಹೊತ್ತರೆ ಇವಳು ಪೆನ್ಸಿಲ್ ಹೊರಬೇಕು. ಅಪ್ಪ ಡಿಗ್ರಿ ಹೇಳಿದರೆ ಇವಳು ಗಿಳಿಯ ಹಾಗೆ ಇನ್ನೊಮ್ಮೆ ಹೇಳಬೇಕು. ಆ ದಿನ ಎದ್ದದ್ದು ತಡವಾಗಿತ್ತು. ಅಪ್ಪ ಅಷ್ಟರಲ್ಲಿ ನೀರಿನ ಕೆಲಸ ಮುಗಿಸಿ, ಕಚೇರಿಯ ತಾರಸಿಯಲ್ಲಿ ಗಾಳಿ ಅಳೆಯುವ ಯಂತ್ರ ನೋಡುತ್ತಿದ್ದರು. "ಓಡು, ತಿಂಡಿ ಆರಿಹೋಗುತ್ತೆ, ಅಪ್ಪನ್ನ ಕರ್ಕೊಂಡ್ ಬಾ," ಎಂದು ಅಟ್ಟಿದವಳು ಬಲೆಯಮ್ಮ. ಮಗು ತಾರಸಿಗೆ ಹೋಗದೆ ಜೆಟ್ಟಿಗೆ ಹೋಯಿತು. ಅಪ್ಪ ಕಾಣಲಿಲ್ಲ, ಬಕೆಟ್ ಕಂಡಿತು. ಅಪ್ಪ ಮಾಡುವ ಹಾಗೆಯೇ ಹಗ್ಗದ ತುದಿಯನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ನೀರಿಗೆ ಬಿಟ್ಟಿತು. ಸೆಳೆತವಿದ್ದಾಗ ತುಂಬಿದ ಬಕೆಟ್ ಗಟ್ಟಿಮುಟ್ಟಾದ ಗಂಡಸಿನ ರಟ್ಟೆಯನ್ನೇ ಕಿತ್ತು ತೆಗೆಯುವ ಹಾಗೆ ಎಳೆಯುತ್ತದೆ.

ಹಗ್ಗ ಸುತ್ತಿಕೊಳ್ಳುವುದನ್ನು ತೋರಿಸಿಕೊಟ್ಟವನು ನಾನು ಎಂದು ಗಂಡ ಒಳಗೇ ಕೊರಗಿದ. ಅಟ್ಟಿದವಳು ನಾನು ಎಂದು ಹೆಂಡತಿ ಒಳಗೇ ಬೆಂದಳು. ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಒಬ್ಬರು ಇನ್ನೊಬ್ಬರನ್ನು ಬೈದಿದ್ದರೂ ಆಗುತ್ತಿತ್ತು. ಬೈಯಲಿಲ್ಲ. ಮಗು ಹೋದ ಎಂಟನೆಯ ಬೆಳಿಗ್ಗೆ ಆರಕ್ಕೆ ಮೇಷ್ಟ್ರು ಹೊಸ ಬಕೆಟ್ ತೆಗೆದುಕೊಂಡು ಕೆಲಸಕ್ಕೆ ಹೋದರು. ನೀರು ಸೇದಿ ಕಾಲ ಬಳಿ ಇಟ್ಟರು. ಥರ್ಮಾಮೀಟರಿಗೆ ಕೈ ಹಾಕದೆ ಸುಮ್ಮನೆ ನಿಂತರು, ಮನೆಗೆ ಬೆನ್ನು ಹಾಕಿ, ಅಂಚಿನಿಂದ ಒಂದು ಮಾರು ಈಚೆ.

ಬಲೆಯಮ್ಮ ಒಲೆ ಬಿಟ್ಟು ಕಿಟಕಿಗೆ ಬಂದಳು. ಹಾರಿಬಿಟ್ಟರೆ? ಕೂಗಿದರೆ ಬೆಚ್ಚಿ ಹಾರಿಯೇಬಿಟ್ಟರೆ? ಏನು ಮಾಡಲೂ ತೋಚದೆ ಎಣಿಸತೊಡಗಿದಳು. ಆಗ ಆಕೆಗೆ ಓದು ಬಾರದು, ಎಣಿಕೆಯೂ ನೂರರಾಚೆ ಗೊತ್ತಿಲ್ಲ. ನೂರಾದರೆ ಒಂದು ಬೆರಳು ಮಡಿಸುವುದು. ಹತ್ತು ಬೆರಳೂ ಮಡಿಸಿ ಮುಗಿದರೆ ಓಡುವುದು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಳು. ಆ ದಿನ ಏಳು ಬೆರಳಿಗೆ ಅವರು ಬಗ್ಗಿ ನೀರು ಅಳೆದರು. ಮಾರನೆಯ ದಿನ ಆರು. ದಿನ ಹೋಗಿ ವರ್ಷವಾಯಿತು, ವರ್ಷ ಹೋಗಿ ವರ್ಷಗಳಾದವು. ಹೆಚ್ಚಿನ ಬೆಳಿಗ್ಗೆ ಆರು, ವರ್ಷಕ್ಕೊಮ್ಮೆ ಗುಬ್ಬಿ ಹೋದ ದಿನ ಬಂದರೆ ಒಂಬತ್ತು. ಹತ್ತು ಒಮ್ಮೆಯೂ ಮುಗಿಯಲಿಲ್ಲ. ಅವರು ಒಳಗೆ ಬರುವ ಹೊತ್ತಿಗೆ ಆಕೆ ಒಲೆಯ ಮುಂದಿರುತ್ತಿದ್ದಳು, ಏನೂ ನೋಡದವಳ ಹಾಗೆ.

ಆ ಸಂಜೆ ಊಟಕ್ಕೆ ಕೂತಾಗ ಇಷ್ಟನ್ನೂ ಕಿರಿಮಗಳಿಗೆ ಹೇಳಿದಳು. ಹೇಳಲು ನಲವತ್ತೇಳು ವರ್ಷ ಹಿಡಿದ ಮಾತು ಒಂದು ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಮುಗಿದುಹೋಯಿತು.

ಮಗಳು ತಟ್ಟೆ ಸರಿಸಿದಳು. ಅಕ್ಕ ಹೋದಾಗ ಅವಳಿಗೆ ಎರಡು ವರ್ಷ.

"ನನಗೀಗ ನಲವತ್ತೊಂಬತ್ತು ಅಮ್ಮ. ಹಗ್ಗ ಕೈಗೆ ಸುತ್ಕೊಂಡಿದ್ಲು ಅನ್ನೋದು ನಂಗೆ ಇವತ್ತು ಗೊತ್ತಾಗ್ತಿದೆ. ಅಕ್ಕನ ಮಾತು ಎತ್ತಿದ್ರೆ ನೀವಿಬ್ರೂ ಕಲ್ಲಾಗಿಬಿಡ್ತಿದ್ರಿ. ಅವಳ ಬಗ್ಗೆ ನಾನು ತಿಳ್ಕೊಂಡಿದ್ದೆಲ್ಲಾ ಬಂದರಿನ ಐಸ್ ಫ್ಯಾಕ್ಟರಿ ಹೆಂಗಸರಿಂದ. ಈಗ ಯಾವಳೋ ಒಂದು ಪಟ್ಟಿ ತಂದು ಹಾಸಿದ ಕೂಡ್ಲೇ ಬಾಯಿ ಬಂತಾ?"

"ಅವಳಿಗಿನ್ನೂ ಹೇಳಿಲ್ಲ. ನಿಂಗೆ ಮೊದಲು ಹೇಳಿದೆ."

"ಹೇಳಲೂಬೇಡ. ಅಪ್ಪನ ಹೆಸರಲ್ಲಿ ಉಳಿದಿರೋದು ಒಂದೇ, ಒಂದು ದಿನವೂ ತಪ್ಪು ಮಾಡ್ಲಿಲ್ಲ ಅನ್ನೋದು. ಅದನ್ನೂ ನೀನೇ ಹೋಗಿ ಕಳೀತೀಯಾ?"

"ಹೇಳ್ದಿದ್ರೆ ಮೂವತ್ತೆಂಟು ವರ್ಷಾನೂ ಎತ್ತಿ ಎಸೀತಾರಲ್ಲೇ. ಅಷ್ಟು ಬೆಳಗೂ ಸಮುದ್ರದಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಗುತ್ತೆ."

ಮಗಳು ಉತ್ತರ ಕೊಡಲಿಲ್ಲ. ಆ ರಾತ್ರಿಯೂ ಇಲ್ಲ, ಮರುದಿನವೂ ಇಲ್ಲ. ಇಪ್ಪತ್ತೈದು ವರ್ಷ ದಿನಕ್ಕೆ ಸಾವಿರ ಜನರ ಹತ್ತಿರ ಮಾತಾಡಿದ ಬಾಯಿ ಮನೆಯಲ್ಲಿ ಮುಚ್ಚಿಕೊಂಡರೆ ಗೋಡೆಗಳೇ ಒತ್ತಿ ಬಂದಂತೆ ಆಗುತ್ತದೆ. ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳು, ಬರುತ್ತಿದ್ದಳು, ಅಷ್ಟೇ.

ಶುಕ್ರವಾರ ಬಲೆಯಮ್ಮ ಒಬ್ಬಳೇ ಹೊರಟು, ದಾರಿ ಕೇಳಿ ಕೇಳಿ ಅಧ್ಯಯನ ಕೇಂದ್ರ ಮುಟ್ಟಿದಳು. ಸಂಶೋಧಕಿಯ ಕೋಣೆಯಲ್ಲಿ ಎರಡು ಕಂಪ್ಯೂಟರು, ಗೋಡೆಗೊಂದು ಕಡಲ ನಕ್ಷೆ, ಅದರ ತುಂಬ ಗಾಳಿಯ ದಾರಿ ತೋರಿಸುವ ಬಾಣಗಳು. ಕಿಟಕಿಯ ಕೆಳಗೆ ರಟ್ಟಿನ ಪೆಟ್ಟಿಗೆಗಳು. ಒಂದರ ಬಾಯಿಂದ ನೀಲಿ ಬಟ್ಟೆಯ ಬೆನ್ನಿನ ರಿಜಿಸ್ಟರು ಇಣುಕುತ್ತಿತ್ತು. ಆಕೆ ಅದನ್ನು ಮುಟ್ಟಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಹುಡುಗಿ ಬರೆದುಕೊಳ್ಳಲೆಂದು ಹಿಡಿದ ಪೆನ್ನು ಹಿಡಿದಂತೆಯೇ ಉಳಿಯಿತು.

"ಬೆರಳಿನ ಲೆಕ್ಕ ಸಮಿತಿಗೆ ಸಾಕಾಗುತ್ತೇನಮ್ಮ?" ಎಂದು ಕೊನೆಗೆ ಕೇಳಿದವಳು ಬಲೆಯಮ್ಮನೇ.

"ಸಾಕು ಮಾಡೋಣ," ಎಂದಳು ಹುಡುಗಿ. "ಉಗ್ರಾಣದಲ್ಲಿ ಅದೇ ಕಾಲದ ಬಕೆಟ್ ಇದೆ. ನಾಳೆ ಆರಕ್ಕೆ ಜೆಟ್ಟಿಗೆ ಬರ್ತೀರಾ?"

ನಲವತ್ತೇಳು ವರ್ಷದಲ್ಲಿ ಬಲೆಯಮ್ಮ ಜೆಟ್ಟಿಯ ತುದಿಗೆ ಕಾಲಿಟ್ಟಿರಲಿಲ್ಲ. ಬಲೆಯ ಶೆಡ್ಡಿಗೆ ಹೋಗಲೂ ಸುತ್ತು ದಾರಿ ಹಿಡಿಯುತ್ತಿದ್ದವಳು.

"ಬರ್ತೀನಿ," ಎಂದಳು.

ಶನಿವಾರ ಬೆಳಿಗ್ಗೆ ಗಾಳಿ ಸಾಧಾರಣವಾಗಿ ಬೀಸುತ್ತಿತ್ತು. ಮರದ ಹಲಗೆಗಳಿದ್ದ ಕಡೆ ಈಗ ಕಾಂಕ್ರೀಟು. ಎರಡು ಕೋಣೆಯ ಮನೆ ಡೀಸೆಲ್ ಪೀಪಾಯಿಗಳ ಗೋದಾಮಾಗಿತ್ತು, ಕಿಟಕಿ ಮಾತ್ರ ಇದ್ದಲ್ಲೇ ಇತ್ತು. ಸಂಶೋಧಕಿ ಬಕೆಟ್ ಇಳಿಸುವಾಗ ಬಲೆಯಮ್ಮ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹಗ್ಗ ಕೈಗೆ ಸುತ್ಕೋಬೇಡ. ಆ ಗೂಟಕ್ಕೆ ಕಟ್ಟು." ಹುಡುಗಿ ಮರುಮಾತಾಡದೆ ಕಟ್ಟಿದಳು. ನೀರು ಮೇಲೆ ಬಂತು. ಥರ್ಮಾಮೀಟರು ಇಪ್ಪತ್ತಾರು ಪಾಯಿಂಟ್ ನಾಲ್ಕು ತೋರಿಸಿತು.

"ಈಗ ನೀವು ಎಣಿಸಿ ಅಮ್ಮ. ಆವಾಗ ಎಣಿಸ್ತಿದ್ದ ಹಾಗೇ. ನಾನು ಗಡಿಯಾರ ಹಿಡೀತೀನಿ."

ಬಲೆಯಮ್ಮ ಒಂದು, ಎರಡು ಎಂದು ಶುರುಮಾಡಿದಳು. ದನಿ ಮೊದಲು ಬೇಗ ಬೇಗ ಓಡಿತು, ಆಮೇಲೆ ತಂತಾನೇ ಹಳೆಯ ಹೆಜ್ಜೆಗೆ ಬಿತ್ತು. ಎಣಿಸುವಾಗ ಉಸಿರು ಎಲ್ಲಿ ತೆಗೆದುಕೊಳ್ಳುತ್ತಿದ್ದೆ ಎಂಬುದು ನಾಲಿಗೆಗೇ ನೆನಪಿತ್ತು. ನೂರಕ್ಕೆ ಕಿರುಬೆರಳು. ಮತ್ತೆ ನೂರಕ್ಕೆ ಉಂಗುರದ ಬೆರಳು. ಮೀನಿನ ಬುಟ್ಟಿ ಹೊತ್ತ ಇಬ್ಬರು ಹೆಂಗಸರು, ಮುದುಕಿಗೆ ಎಣಿಕೆ ಪಾಠ ನಡೆಯುತ್ತಿದೆ ಎಂದು ನಕ್ಕು ದಾಟಿಹೋದರು. ಆರನೆಯ ಬೆರಳು ಮಡಿಸಿದಾಗ ಹುಡುಗಿ ಗಡಿಯಾರ ನಿಲ್ಲಿಸಿ, ಬಗ್ಗಿ ಓದಿದಳು.

"ಎಂಟು ನಿಮಿಷ. ಇಪ್ಪತ್ತಾರು ಪಾಯಿಂಟ್ ಸೊನ್ನೆ." ಅವಳ ದನಿ ಏರಿತು. "ನಾಲ್ಕು ಪಾಯಿಂಟ್ ಇಳಿದಿದೆ ಅಮ್ಮ! ಇದೇ ಗಾಳೀಲಿ ಮೇಷ್ಟ್ರ ಪಟ್ಟೀಲೂ ಅಷ್ಟೇ ಇಳಿದಿರೋದು. ಸರಿಹೋಯ್ತು. ಲೆಕ್ಕ ಉಳೀತು!"

ಅವಳು ಮುದುಕಿಯನ್ನು ತಬ್ಬಿಕೊಂಡಳು. ಬಲೆಯಮ್ಮ ತಬ್ಬಿಸಿಕೊಂಡು ನಿಂತಳು. ಲೆಕ್ಕ ಉಳಿಯಿತು ಎಂಬ ಮಾತು ಕಿವಿಗೆ ಬಿದ್ದು, ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಇಳಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಒಂಬತ್ತು ಬೆರಳಿನ ದಿನಗಳನ್ನೂ ನೋಡ್ಬೇಕಾ?" ಎಂದು ಕೇಳಿದಳು. ನೋಡಿದರು. ಅದೂ ಹೊಂದಿತು.

ಅಷ್ಟರಲ್ಲಿ ಬಿಸಿಲೇರಿತ್ತು. ಗೋದಾಮಿನ ನೆರಳಲ್ಲಿ ಕೂತು ಫ್ಲಾಸ್ಕಿನ ಚಹಾ ಕುಡಿದರು. ಹುಡುಗಿ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಳು.

"ಇನ್ನು ಎರಡೇ ಪ್ರಶ್ನೆ ಅಮ್ಮ. ಹನ್ನೊಂದು ವರ್ಷದ ಎಲ್ಲಾ ದಿನಕ್ಕೂ ನಾನು ಈ ತಿದ್ದುಪಡಿ ಹಾಕ್ಬೇಕು. ಆದ್ರೆ ಮಧ್ಯ ಒಂದು ಹತ್ತು ದಿನ ಇದೆ, ಆ ಹನ್ನೊಂದರಲ್ಲಿ ಐದನೇ ವರ್ಷ, ಮಳೆ ಮುಗಿದ ತಿಂಗಳಲ್ಲಿ. ಗಾಳಿ ಜೋರಾಗಿದೆ, ಆದ್ರೂ ಅಂಕಿ ಇಳಿದಿಲ್ಲ. ಆ ಹತ್ತು ದಿನ ತಡಮಾಡದೆ ಓದಿದಾರೆ. ಅಕ್ಷರ ಮೇಷ್ಟ್ರದ್ದೇ, ಬೇರೆಯವರದ್ದಲ್ಲ. ಆವಾಗ ಏನಾಗಿತ್ತು ನೆನಪಿದೆಯಾ?"

"ಐದನೇ ವರ್ಷ..." ಬಲೆಯಮ್ಮ ಲೋಟ ಕೆಳಗಿಟ್ಟಳು. ಕಿರಿಮಗಳು ಶಾಲೆಗೆ ಸೇರಿದ ವರ್ಷ. ಬೇರೆ ಊರಿನಲ್ಲಿದ್ದ ತನ್ನ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆದ ವರ್ಷ. "ನನಗೆ ಹೇಗೆ ಗೊತ್ತಾಗ್ಬೇಕು ತಾಯಿ? ನಾನು ಊರಲ್ಲೇ ಇರಲಿಲ್ಲ. ನನ್ನಕ್ಕನ ಆರೈಕೆಗೆ ಅಂತ ಮಗೂನ ಕಟ್ಕೊಂಡು ಹೋಗಿದ್ದೆ."

"ಎಷ್ಟು ದಿನ?"

"ಹತ್ತು..." ಎಂದಳು.

ಹುಡುಗಿಗೆ ಅದು ಕೇಳಿಸಲಿಲ್ಲವೋ, ಕೇಳಿಸಿಯೂ ಜೋಡಿಸಿಕೊಳ್ಳಲಿಲ್ಲವೋ, ಪರದೆಯ ಮೇಲೆ ಬೆರಳು ಸರಿಸುತ್ತಿದ್ದಳು. "ಇನ್ನೊಂದು ಕೊನೇದು. ಹನ್ನೊಂದು ವರ್ಷ ಆದ್ಮೇಲೆ ಒಂದು ಸೋಮವಾರದಿಂದ ಸರಿಹೋಗಿದೆ. ಆಮೇಲೆ ನಿವೃತ್ತಿ ತನಕ ಒಂದು ದಿನವೂ ತಡಮಾಡಿಲ್ಲ. ಎಷ್ಟು ಬೆರಳಾಗಿತ್ತು ಆ ವಾರ? ನಿಧಾನಕ್ಕೆ ಕಡಿಮೆ ಮಾಡ್ಕೊಂಡು ಬಂದ್ರಾ?"

"ಆ ವಾರ ನಾನು ಎಣಿಸಲಿಲ್ಲ."

"ಯಾಕೆ?"

ಬಲೆಯಮ್ಮ ಗೋದಾಮಿನ ಕಿಟಕಿಯತ್ತ ಕತ್ತೆತ್ತಿದಳು. ಆ ಸೋಮವಾರ ಆಕೆ ಮೊದಲ ಸಲ ಬಲೆಯ ಶೆಡ್ಡಿನ ಕೆಲಸಕ್ಕೆ ಹೋದದ್ದು. ಬೆಳಗಿನ ಪಾಳಿ ಐದೂವರೆಗೆ. ಶೆಡ್ಡಿನ ಹೆಂಗಸರ ಜೊತೆ ಸಂಜೆಯ ಶಾಲೆಗೂ ಸೇರಿದ್ದು ಅದೇ ತಿಂಗಳು. ಹನ್ನೊಂದು ವರ್ಷದಲ್ಲಿ ಹಾರದವರು ಇನ್ನು ಹಾರುವುದಿಲ್ಲ ಎಂದು ಧೈರ್ಯ ಮಾಡಿ ಹೊರಬಿದ್ದಿದ್ದಳು. ಅವರು ದಿನಾ ನಿಂತೇ ಇದ್ದಾರೆ, ಎಣಿಸುವವಳು ಮಾತ್ರ ಇಲ್ಲ ಎಂದೇ ಇಷ್ಟು ಕಾಲ ತಿಳಿದಿದ್ದಳು.

ಅವರು ನಿಂತಿರಲಿಲ್ಲ. ಕಿಟಕಿಯಲ್ಲಿ ಆಕೆ ಇಲ್ಲದ ಹತ್ತು ದಿನವೂ ನಿಂತಿರಲಿಲ್ಲ, ಆಕೆ ಕಿಟಕಿ ಬಿಟ್ಟ ದಿನದಿಂದಲೂ ನಿಂತಿರಲಿಲ್ಲ.

ಗುಬ್ಬಿಗಾಗಿ ನಿಂತವರಾಗಿದ್ದರೆ ಮನೆಯಲ್ಲಿ ಯಾರಿದ್ದರೇನು, ಬಿಟ್ಟರೇನು? ಕಡಲು ಆ ಹತ್ತು ದಿನವೂ ಅಲ್ಲೇ ಇತ್ತಲ್ಲ. ಮನೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಕಣ್ಣು ಎಲ್ಲಿತ್ತೋ, ಕಿವಿ ಹಿಂದಕ್ಕೆ ಇತ್ತು. ಹಲಗೆಯ ಜೆಟ್ಟಿ ಅದು, ಬೆಕ್ಕು ನಡೆದರೂ ತುದಿಯವರೆಗೆ ಸದ್ದು ಹೋಗುತ್ತಿತ್ತು. ಒಮ್ಮೆ, ಎರಡನೆಯ ವರ್ಷದ ಚಳಿಯಲ್ಲಿ, ಆಕೆ ಅವರ ಸ್ವೆಟರು ಹಿಡಿದು ಹೊರಟಿದ್ದಳು. ನಾಲ್ಕು ಹಲಗೆ ದಾಟಿದ್ದಳು. ಹೋಗಿ ಏನೆನ್ನುವುದು, ಅಟ್ಟಿದವಳು ನಾನು ಅನ್ನುವುದೇ, ಎಂದು ಕಾಲು ಹಿಂದೆಗೆದು ತಿರುಗಿ ಬಂದಿದ್ದಳು. ಆ ನಾಲ್ಕು ಹಲಗೆಯ ಸದ್ದು ಅವರಿಗೆ ಕೇಳಿಸಿತ್ತು. ಆ ಬೆಳಿಗ್ಗೆ ಒಂಬತ್ತು ಬೆರಳು ದಾಟಿ ಹತ್ತನೆಯದರ ಅರ್ಧಕ್ಕೆ ಬಂದಿತ್ತು.

"ಅಮ್ಮ?" ಹುಡುಗಿ ಆಕೆಯ ಮೊಣಕಾಲ ಮೇಲೆ ಕೈ ಇಟ್ಟಳು. "ಏನಾಯ್ತು?"

"ನಾನು ಕಾವಲು ಕಾಯ್ತಿದೀನಿ ಅನ್ಕೊಂಡಿದ್ದೆ ಮಗಳೇ," ಎಂದಳು ಬಲೆಯಮ್ಮ. "ಅವರು ನಾನು ಬರ್ತೀನಾ ಅಂತ ದಾರಿ ನೋಡ್ತಾ ನಿಂತಿದ್ರು. ನಾನಿದ್ದ ದಿನ ಮಾತ್ರ ನಿಂತಿದಾರೆ ನೋಡು. ನಿನ್ನ ಪಟ್ಟೀನೇ ಹೇಳ್ತಿದೆ."

ಹುಡುಗಿ ಪರದೆಯತ್ತ ನೋಡಿದಳು, ದಿನಾಂಕಗಳನ್ನು ನೋಡಿದಳು. ಬೇರೆ ಏನಾದರೂ ಇರಬಹುದು, ಕೆಲಸದ ಒತ್ತಡವಿರಬಹುದು, ಮೇಲಿನವರು ಎಚ್ಚರಿಸಿರಬಹುದು ಎಂದು ಒಂದೆರಡು ಮಾತು ಶುರುಮಾಡಿ ಕೈಬಿಟ್ಟಳು. ಅವಳ ಕಸುಬೇ ಅಂಕಿಗಳ ಮಾತು ಕೇಳುವುದು. ಕೇಳಿದ ಮೇಲೆ ಕೇಳಲಿಲ್ಲ ಎನ್ನಲು ಅವಳಿಗೂ ಬರಲಿಲ್ಲ.

"ಎಷ್ಟು ದಿನಕ್ಕೆ ತಿದ್ದುಪಡಿ ಹಾಕ್ತೀಯ?" ಎಂದು ಬಲೆಯಮ್ಮ ಕೇಳಿದಳು.

"ಹತ್ತು ದಿನ ಕಳೆದ್ರೆ... ನಾಲ್ಕು ಸಾವಿರ ಇರಬಹುದು."

ನಾಲ್ಕು ಸಾವಿರ ಬೆಳಗು, ಬೆಳಗಿಗೆ ಎಂಟು ನಿಮಿಷ. ಈಗ ಆಕೆಗೆ ನೂರರಾಚೆಯ ಎಣಿಕೆ ಬರುತ್ತಿತ್ತು. ಗುಣಿಸಿ ನೋಡಲು ಮನಸ್ಸಾಗಲಿಲ್ಲ.

"ಷರಾ ಅಂತ ಒಂದು ಕಲಂ ಇದೆ," ಎಂದಳು ಹುಡುಗಿ ತಗ್ಗಿದ ದನಿಯಲ್ಲಿ. "ತಿದ್ದಿದ್ದಕ್ಕೆ ಕಾರಣ ಬರೀಬೇಕು. 'ಓದಲು ಎಂಟರಿಂದ ಹನ್ನೆರಡು ನಿಮಿಷ ತಡ, ವೈಯಕ್ತಿಕ ಕಾರಣ' ಅಂತ ಬರೀತೀನಿ. ಅಷ್ಟೇ ಸಾಕು."

"ಗುಬ್ಬಿ ಅಂತ ಬರೀಬೇಡ. ಅವಳ ತಪ್ಪಲ್ಲ ಅದು."

"ಬರಿಯಲ್ಲ."

"ಅವರದ್ದೂ ತಪ್ಪಲ್ಲ."

"ಅಲ್ಲ ಅಮ್ಮ. ತಪ್ಪು ಅನ್ನೋ ಪದಾನೇ ಹಾಕಲ್ಲ."

ಹುಡುಗಿ ಅಲ್ಲೇ ಕೂತು ಬರೆದಳು. ಒಂದು ಗುಂಡಿ ಒತ್ತಿದಳು. ಹನ್ನೊಂದು ವರ್ಷದ ಚುಕ್ಕೆಗಳು ಒಟ್ಟಿಗೇ ಮೇಲೆದ್ದು ಆಚೀಚಿನ ಸಾಲಿಗೆ ಕೂಡಿಕೊಂಡವು. ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲು, ವರ್ಷ ವರ್ಷಕ್ಕೂ ಒಂದಿಷ್ಟೇ ಇಷ್ಟು ಏರುತ್ತ ಹೋಗುವ ಸಾಲು. ನೋಡಿದವರಿಗೆ ಅಲ್ಲಿ ಯಾರೋ ನಿಂತಿದ್ದರು ಎನ್ನುವುದು ತಿಳಿಯುವಂತಿರಲಿಲ್ಲ.

"ಚೆನ್ನಾಗಿ ಕೂತಿದೆ," ಎಂದಳು ಬಲೆಯಮ್ಮ. ಹೊಸ ಬಲೆಯ ಗಂಟು ನೋಡಿ ಹೇಳುವ ಹಾಗೆಯೇ ಹೇಳಿದಳು. ಆಮೇಲೆ ಬಹಳ ಹೊತ್ತು ಅತ್ತಳು. ಹುಡುಗಿ ಪಕ್ಕದಲ್ಲೇ ಕೂತಿದ್ದಳು.

ಮನೆಗೆ ಬಿಡುತ್ತೇನೆ ಎಂದರೆ ಒಪ್ಪಲಿಲ್ಲ. "ಬಸ್ ಸ್ಟ್ಯಾಂಡಿಗೆ ಬಿಡು ಸಾಕು. ಮಗಳನ್ನ ನೋಡ್ಬೇಕು."

ಕಿರಿಮಗಳ ಬಸ್ಸು ಹನ್ನೊಂದಕ್ಕೆ ಬಂದು ನಿಲ್ಲುವುದು, ಹನ್ನೊಂದೂ ಇಪ್ಪತ್ತಕ್ಕೆ ಹೊರಡುವುದು. ಅಮ್ಮ ಎಂದೂ ಅಲ್ಲಿಗೆ ಹೋದವಳಲ್ಲ. ಡ್ರೈವರು ಚಹಾಕ್ಕೆ ಇಳಿದುಹೋಗಿದ್ದ. ಖಾಲಿ ಬಸ್ಸಿನ ಹಿಂಬದಿಯ ಸೀಟಿನಲ್ಲಿ ಮಗಳು ಚೀಲ ತೊಡೆಯ ಮೇಲಿಟ್ಟುಕೊಂಡು, ಬಾಗಿಲಿಗೆ ಬೆನ್ನು ಹಾಕಿ, ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಬಲೆಯಮ್ಮ ಕಂಬಿ ಹಿಡಿದು ಹತ್ತಿದಳು. ಒಂದೊಂದು ಸೀಟನ್ನೂ ಹಿಡಿದುಕೊಂಡು, ಚಪ್ಪಲಿ ಸದ್ದು ಮಾಡುತ್ತ ಹಿಂದಿನವರೆಗೆ ನಡೆದಳು.

ಮಗಳು ತಿರುಗಿದಳು. ಅಮ್ಮನ ಕೆಂಪಗಾದ ಕಣ್ಣು ನೋಡಿದಳು. ಎರಡು ದಿನದ ಮೌನವನ್ನು ಹೇಗೆ ಮುರಿಯುವುದೆಂದು ತಿಳಿಯದೆ ಬಾಯಿಗೆ ಬಂದ ಮಾತನ್ನೇ ಆಡಿದಳು.

"ಟಿಕೆಟ್?"

"ಎಲ್ಲಿಗೆ ಹೋಗ್ತದೆ ಈ ಬಸ್ಸು?"

"ಹೋಗಿ ವಾಪಸ್ ಇಲ್ಲಿಗೇ ಬರುತ್ತೆ."

"ಹಾಗಾದ್ರೆ ಹೋಗಿ ವಾಪಸ್ ಬರೋದಕ್ಕೇ ಒಂದು ಕೊಡು," ಎಂದು ಬಲೆಯಮ್ಮ ಮಗಳ ಪಕ್ಕದಲ್ಲಿ ಕೂತಳು. "ನಿಮ್ಮಕ್ಕನಿಗೆ ಮುಂದಿನ ಹಲ್ಲು ಎರಡೂ ಇರಲಿಲ್ಲ, ಗೊತ್ತಾ? ಇಪ್ಪತ್ತಾರು ಅನ್ನೋಕೆ ಬರ್ತಿರಲಿಲ್ಲ ಅವಳಿಗೆ. ನಿಮ್ಮಪ್ಪ ನಗಾಡ್ತಾರೆ ಅಂತ ಬೇಕಂತ್ಲೇ ಜೋರಾಗಿ ಹೇಳ್ತಿದ್ಲು."

ಮಗಳು ಚೀಲವನ್ನು ಕಾಲ ಬಳಿ ಇಳಿಸಿ, ಇನ್ನೂ ಸ್ವಲ್ಪ ಕಿಟಕಿಯ ಕಡೆ ಸರಿದು ಜಾಗ ಮಾಡಿಕೊಟ್ಟಳು.

"ಹೇಗೆ ಹೇಳ್ತಿದ್ಲು?" ಎಂದು ಕೇಳಿದಳು.